ನೀರಿನ ಮೇಲೆ ಮೇಯುವ ಗೆಂಡೆ ಮೀನಿಗೆ ಎಂಥ ರಾಡ್ ಕೊಳ್ಳಬೇಕು?

ಆಲಮಟ್ಟಿಯ ಹಿನ್ನೀರಿನಲ್ಲಿ ಮೇಲ್ಪದರಕ್ಕೆ ಬಂದು ಮೇಯುವ ಗೆಂಡೆಗಳನ್ನು ಹಿಡಿಯಲು 12 ಅಡಿಯ, 3.5 ಪೌಂಡಿನ ರಾಡ್ ಕೊಳ್ಳಬಹುದೇ ಎಂದು ತಾವು ಕೇಳಿದ್ದೀರಿ. ಉದ್ದ ಸರಿಯಾಗಿದೆ, ಬಿಗುವು ಹೆಚ್ಚಾಯಿತು. ಬಾಗಲಕೋಟೆಯವನಾದ ನಾನು ಹಲವು ಬೇಸಿಗೆಗಳನ್ನು ಈ ದಂಡೆಯಲ್ಲಿಯೇ ಕಳೆದಿದ್ದು, ಈ ಕೆಲಸಕ್ಕೆ 2 ಪೌಂಡಿನ ಆಸುಪಾಸಿನ, ಬುಡದವರೆಗೂ ಬಾಗುವ ಮೆತ್ತನೆಯ ರಾಡೇ ತಕ್ಕುದೆಂದು ಹೇಳಬಲ್ಲೆ.

ಪೌಂಡ್ ಎಂದರೆ ರಾಡ್ ಎತ್ತಬಲ್ಲ ಮೀನಿನ ತೂಕ ಎಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ, ರಾಡಿನ ತುದಿಯನ್ನು ಹಿಡಿಕೆಗೆ ಲಂಬಕೋನವಾಗುವಷ್ಟು ಬಾಗಿಸಲು ಬೇಕಾದ ಎಳೆತ ಅದು. 2 ಪೌಂಡ್ ಎಂದರೆ ಸುಮಾರು 900 ಗ್ರಾಂ, 3.5 ಪೌಂಡ್ ಎಂದರೆ ಸುಮಾರು 1.6 ಕಿಲೋ. ಅಷ್ಟು ಬಿಗಿಯಾದ ರಾಡ್ ಇರುವುದು ಭಾರವಾದ ಸೀಸದ ಗುಂಡನ್ನು ದೂರಕ್ಕೆ ಎಸೆದು ತಳದಲ್ಲಿ ಗಾಳ ಕೂರಿಸುವವರಿಗಾಗಿ. ನಾವು ಎಸೆಯುವುದು 15–30 ಗ್ರಾಮಿನ ಒಂದು ಬೆಂಡನ್ನು. ಆ ತೂಕಕ್ಕೆ ಬಿಗಿ ರಾಡ್ ಬಾಗುವುದೇ ಇಲ್ಲ, ಬಾಗದ ರಾಡ್ ಎಸೆಯುವುದೂ ಇಲ್ಲ.

ಅದಕ್ಕಿಂತ ಮುಖ್ಯವಾದ ಕಾರಣ ಮೀನು ಸಿಕ್ಕ ಮೇಲೆ ತಿಳಿಯುತ್ತದೆ. ಮೇಲೆ ತೇಲುವ ದಪ್ಪ ತಂಗೂಸಿಯನ್ನು ಕಂಡರೆ ಗೆಂಡೆ ಬೆದರುವುದರಿಂದ ನಾವು 8–10 ಪೌಂಡಿನ (ಇಲ್ಲಿ ಪೌಂಡ್ ಎಂದರೆ ತಂಗೂಸಿ ಹರಿಯದೆ ತಡೆಯುವ ಎಳೆತ) ತೆಳು ತಂಗೂಸಿಯನ್ನೂ, 8 ಅಥವಾ 10ನೆಯ ನಂಬರಿನ ಸಣ್ಣ ಕೊಕ್ಕೆಯನ್ನೂ ಬಳಸಬೇಕಾಗುತ್ತದೆ. ದಣಿದಂತೆ ಕಂಡ ಮೀನು ದಂಡೆಯ ಹತ್ತಿರ ಬಂದಾಗ ಒಮ್ಮೆಲೇ ತಳಕ್ಕೆ ನುಗ್ಗುತ್ತದೆ; ಆಗ ಹೊರಗಿರುವ ತಂಗೂಸಿ ಬಹಳ ಕಡಿಮೆ, ಆ ಜಗ್ಗನ್ನು ನುಂಗಬೇಕಾದುದು ರಾಡಿನ ಬಾಗುವಿಕೆಯೇ. ಎರವಲು ತಂದ ಬಿಗಿ ರಾಡಿನಲ್ಲಿ ನಾನು ಒಂದೇ ಮುಂಜಾನೆ ಎರಡು ಮೀನುಗಳನ್ನು ಕಾಲ ಬುಡದಲ್ಲಿಯೇ ಕಳೆದುಕೊಂಡೆ, ಎರಡು ಸಲವೂ ಕೊಕ್ಕೆ ತುಟಿಯಿಂದ ಕಿತ್ತು ಬಂದಿತ್ತು.

ಉದ್ದ ರಾಡಿನಿಂದ ಗಾಳಿಗೆ ಬಿಲ್ಲಿನಂತೆ ಬಾಗುವ ತಂಗೂಸಿಯನ್ನು ನೀರಿನಿಂದ ಎತ್ತಿ ನೇರಮಾಡಬಹುದು. ತಮ್ಮ ಬಳಿ ಇರುವ 7 ಅಡಿಯ ರಾಡಿನಲ್ಲಿ ಇದು ಕಷ್ಟ. ಆದರೆ ಬಳ್ಳಾರಿ ಜಾಲಿ ದಟ್ಟವಾಗಿರುವ ದಂಡೆಯಾದರೆ 11 ಅಡಿ ಸಾಕು.

ಗೆಂಡೆಗಳಲ್ಲಿ ಮೇಲ್ಪದರದಲ್ಲಿ ಮೇಯುವುದು ಮುಖ್ಯವಾಗಿ ಕಾಟ್ಲಾ, ಅದರ ಬಾಯಿ ಮೇಲ್ಮುಖವಾಗಿಯೇ ಇದೆ. ಸಾಮಾನ್ಯ ಗೆಂಡೆ ತಳದ ಮೀನಾದರೂ ತೇಲುವ ಬ್ರೆಡ್ಡಿನ ಅಂಚಿನ ಚೂರನ್ನು ತಿನ್ನಲು ಮೇಲೇರುತ್ತದೆ. ದೊಡ್ಡ ಕಾಟ್ಲಾದ ಆಸೆಯಿದ್ದರೆ 2.25 ಪೌಂಡಿನವರೆಗೆ ಹೋಗಬಹುದು. ಮೊದಲು ಒಂದೆರಡು ಹಿಡಿ ಚುರಮುರಿಯನ್ನು ಗಾಳಿ ಬೀಸುವ ದಿಕ್ಕಿಗೆ ಚೆಲ್ಲಿ ಕಾಯಿರಿ; ಮೀನನ್ನು ಮೇಲೆ ತರಲು ಇಷ್ಟು ಅಗ್ಗದ ಉಪಾಯ ಬೇರೊಂದಿಲ್ಲ. ಮಳೆಗಾಲದ ಕೆನ್ನೀರಿನಲ್ಲಿ ಇದು ನಡೆಯದು. ಗಾಳ ಹಾಕಲು ಅನುಮತಿ ಬೇಕೇ ಎಂಬುದನ್ನು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಅಂಗಡಿಗೆ ಹೋಗುವಾಗ ಒಂದು ಲೀಟರ್ ನೀರಿನ ಬಾಟಲಿ ಒಯ್ಯಿರಿ. ಅದರ ತೂಕ ಸುಮಾರು 2.2 ಪೌಂಡ್. ಉಂಗುರಗಳಲ್ಲಿ ತಂಗೂಸಿ ಪೋಣಿಸಿ, ಬಾಟಲಿ ಕಟ್ಟಿ, ಹಿಡಿಕೆಯನ್ನು ನೆಲಕ್ಕೆ ಸಮನಾಗಿ ಹಿಡಿದು ನಿಧಾನವಾಗಿ ಎತ್ತಿ ನೋಡಿರಿ. ತುದಿಯಷ್ಟೇ ಬಾಗಿ ಉಳಿದದ್ದು ಒನಕೆಯಂತೆ ನಿಂತರೆ, ಬೆಲೆ ಎಷ್ಟೇ ಇಳಿಸಿದರೂ ಆ ರಾಡನ್ನು ಅಲ್ಲಿಯೇ ಬಿಟ್ಟು ಬನ್ನಿರಿ.