ಯಾವ ಎಣ್ಣೆ ಅಂತ ಆಮೇಲೆ ನೋಡೋಣ, ಮೊದಲು ತಿಂಗಳಿಗೆ ಎಷ್ಟು ಲೀಟರ್ ಹೇಳಿ

ಅಪ್ಪನಿಗೆ ಕೊಲೆಸ್ಟ್ರಾಲ್ ಜಾಸ್ತಿ ಬಂದಿದೆ, ಸೂರ್ಯಕಾಂತಿ ರಿಫೈನ್ಡ್ ಬಿಟ್ಟು ಗಾಣದ ಕೊಬ್ಬರಿ ಎಣ್ಣೆಗೆ ಬದಲಾಯಿಸಿದರೆ ಒಳ್ಳೆಯದಾ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಇದನ್ನೇ ಮಾಡಿ ನೋಡಿದ ಮನೆ ನಮ್ಮದು.

ನಾವಿರುವುದು ಹನುಮಂತನಗರದಲ್ಲಿ. ಆಫೀಸಿನವರು ಮಾಡಿಸಿದ ಚೆಕಪ್‌ನಲ್ಲಿ ನಮ್ಮ ಯಜಮಾನರಿಗೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 142 ಬಂತು. ಈಗಲೇ ಮಾತ್ರೆ ಬೇಡ, ಊಟ ಸರಿ ಮಾಡಿಕೊಳ್ಳಿ, ದಿನಾ ನಡೆಯಿರಿ, ಆಮೇಲೆ ಇನ್ನೊಂದು ಸಲ ನೋಡೋಣ ಎಂದರು ಡಾಕ್ಟರು. ಅದೇ ಹೊತ್ತಿಗೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ವಿಡಿಯೋಗಳ ಸುರಿಮಳೆ. ರಿಫೈನ್ಡ್ ಎಣ್ಣೆ ವಿಷ, ಗಾಣದೆಣ್ಣೆ ಅಮೃತ. ಹತ್ತಿರದಲ್ಲೇ ಮರದ ಗಾಣ ಇಟ್ಟುಕೊಂಡ ಅಂಗಡಿಯೊಂದಿತ್ತು. ಕಣ್ಣೆದುರಿಗೇ ಕೊಬ್ಬರಿ ಹಾಕಿ ಅರೆದು ಕೊಡುತ್ತಿದ್ದರು. ಆ ಘಮಕ್ಕೇ ನಂಬಿಕೆ ಬಂದುಬಿಡುತ್ತದೆ. ರೇಟು ಪ್ಯಾಕೆಟ್ ಎಣ್ಣೆಯ ಎರಡರಷ್ಟಕ್ಕೂ ಮೇಲೆ. ಆರೋಗ್ಯಕ್ಕೆ ತಾನೇ ಎಂದು ತಂದೆವು.

ನಾನು ತಪ್ಪಿದ್ದು ಎಲ್ಲಿ ಎಂದು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅಲ್ಲೇ ತಪ್ಪುತ್ತೀರಿ ಅನಿಸುತ್ತಿದೆ. ಒಳ್ಳೆಯ ಎಣ್ಣೆ ಎಂದು ತಲೆಗೆ ಹೋದ ಕೂಡಲೇ ನನ್ನ ಕೈ ಸಡಿಲವಾಯಿತು. ಪ್ಯಾಕೆಟ್ ಎಣ್ಣೆ ಇದ್ದಾಗ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಕಾವಲಿಗೆ ಸವರಿ ದೋಸೆ ಹುಯ್ಯುತ್ತಿದ್ದೆ. ಗಾಣದೆಣ್ಣೆ ಬಂದ ಮೇಲೆ ದೋಸೆಯ ಸುತ್ತಲೂ ಚಮಚದಲ್ಲಿ ಬಿಡತೊಡಗಿದೆ. ಪಲ್ಯ ಇಳಿಸಿದ ಮೇಲೆ ಘಮಕ್ಕೆ ಮೇಲಿಂದ ಒಂದಿಷ್ಟು. ಚಟ್ನಿಪುಡಿ ಕಲಸಲು ಒಂದಿಷ್ಟು. ಹಬ್ಬಕ್ಕೆ, ನೆಂಟರಿಗೆ ಎಂದು ಮಾಡುತ್ತಿದ್ದ ಬೋಂಡ, ಬಜ್ಜಿ ಭಾನುವಾರದ ತಿಂಡಿಯಾಯಿತು. ಯಾರಾದರೂ ಬೇಡ ಎಂದರೆ "ಗಾಣದೆಣ್ಣೆ ಅಲ್ವಾ, ಏನೂ ಆಗಲ್ಲ, ತಿನ್ನಿ" ಎಂದು ನಾನೇ ಒತ್ತಾಯ ಮಾಡುತ್ತಿದ್ದೆ. ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರು ಲೀಟರ್ ಆಗುತ್ತಿದ್ದದ್ದು ಐದಕ್ಕೆ ಹೋಯಿತು. ತುಪ್ಪ ಬೇರೆ.

ಜೊತೆಗೆ, ಅಷ್ಟು ದುಡ್ಡು ಕೊಟ್ಟ ಎಣ್ಣೆಯನ್ನು ಚೆಲ್ಲಲು ಮನಸ್ಸು ಬರುವುದಿಲ್ಲ. ಕರಿದು ಮಿಕ್ಕಿದ್ದನ್ನು ಟೀ ಸೋಸುವ ಜರಡಿಯಲ್ಲಿ ಸೋಸಿ ಸ್ಟೀಲ್ ಡಬ್ಬಿಗೆ ತುಂಬಿಡುತ್ತಿದ್ದೆ. ಮಾರನೇ ದಿನ ಒಗ್ಗರಣೆಗೆ ಅದೇ, ಮುಂದಿನ ವಾರ ಕರಿಯಲು ಮತ್ತೆ ಅದೇ. ನೀರಿನ ಹಾಗೆ ತಿಳಿಯಾಗಿದ್ದ ಎಣ್ಣೆ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಬಾಣಲೆಗೆ ಹಾಕಿದರೆ ಸಣ್ಣ ನೊರೆ ಏಳುತ್ತಿತ್ತು. ಡಬ್ಬಿಯ ಅಂಚಿನಲ್ಲಿ ಕಟ್ಟಿದ ಜಿಡ್ಡು ಸೋಪು ಹಾಕಿ ಉಜ್ಜಿದರೂ ಬೆರಳಿಗೆ ಅಂಟುತ್ತಿತ್ತು. ಎಣ್ಣೆ ಕೆಟ್ಟಿದೆ ಎನ್ನಲು ಇದಕ್ಕಿಂತ ಗುರುತು ಬೇಕಿಲ್ಲ. ಹೋಟೆಲ್ಲು, ಬೇಕರಿಯವರಿಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್ಎಸ್ಎಸ್ಎಐ 2018ರ ಜುಲೈನಿಂದ ಇದಕ್ಕೊಂದು ಮಿತಿ ಹಾಕಿದೆ. ಕಾಯಿಸಿ ಕಾಯಿಸಿ ಎಣ್ಣೆಯಲ್ಲಿ ಹುಟ್ಟುವ ಪೋಲಾರ್ ಕಾಂಪೌಂಡ್‌ಗಳು ಶೇ. 25 ದಾಟಿದರೆ ಆ ಎಣ್ಣೆಯನ್ನು ಅಡುಗೆಗೆ ಬಳಸುವ ಹಾಗಿಲ್ಲ. ಅದನ್ನು ಅಳೆಯುವ ಮೀಟರ್ ನಮ್ಮ ಅಡುಗೆಮನೆಯಲ್ಲಿ ಇರುವುದಿಲ್ಲ. ಬಣ್ಣ, ನೊರೆ, ಹೊಗೆ ನೋಡಿಯೇ ತಿಳಿಯಬೇಕು.

ಮುಂದಿನ ಟೆಸ್ಟಿನಲ್ಲಿ ಎಲ್‌ಡಿಎಲ್ 178. ಮಾತ್ರೆ ಶುರುವಾಯಿತು.

ಡಾಕ್ಟರು ಅವತ್ತು ಮಾತ್ರೆ ಬರೆದ ಮೇಲೆ ನಾನು ಕೂತು ಓದಿದೆ. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚುಕಡಿಮೆ ಶೇ. 90ರಷ್ಟು ಸ್ಯಾಚುರೇಟೆಡ್ ಕೊಬ್ಬು. ತಾಳೆ ಎಣ್ಣೆಯಲ್ಲಿ ಅರ್ಧದಷ್ಟು. ಕಡಲೆಕಾಯಿ ಎಣ್ಣೆಯಲ್ಲಿ ಶೇ. 20ರ ಒಳಗೆ, ಸೂರ್ಯಕಾಂತಿಯಲ್ಲಿ ಶೇ. 10-11. ಈ ಕೊಬ್ಬು ಜಾಸ್ತಿಯಾದರೆ ಲಿವರ್ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವುದು ಕಡಿಮೆಯಾಗುತ್ತದೆ, ಅದು ರಕ್ತದಲ್ಲೇ ಉಳಿಯುತ್ತದೆ. ಗಾಣದಲ್ಲಿ ತೆಗೆದ ಮಾತ್ರಕ್ಕೆ ಈ ಲೆಕ್ಕ ಬದಲಾಗುವುದಿಲ್ಲ. ಕೊಬ್ಬರಿ ಎಣ್ಣೆಯಿಂದ ಒಳ್ಳೆಯ ಕೊಲೆಸ್ಟ್ರಾಲೂ ಏರುತ್ತದೆ ಎನ್ನುತ್ತಾರೆ. ನಿಜ, ಆದರೆ ಕೆಟ್ಟದ್ದೂ ಏರುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲೇ ಕೊಬ್ಬರಿ ಎಣ್ಣೆ ಬೇಡ ಎಂದು ಸಲಹೆ ಕೊಟ್ಟಿದೆ. ಕೇರಳದವರು ತಿನ್ನುವುದಿಲ್ಲವೇ ಎಂದು ನಿಮ್ಮನ್ನೂ ಯಾರಾದರೂ ಕೇಳುತ್ತಾರೆ. ಅಲ್ಲಿ ಹಾರ್ಟ್ ಪೇಷಂಟುಗಳು ಕಡಿಮೆಯೇನಿಲ್ಲ.

ರಿಫೈನ್ಡ್ ವಿಷ ಎಂಬ ಮಾತನ್ನು ನಾನೀಗ ಒಪ್ಪುವುದಿಲ್ಲ. ರಿಫೈನ್ ಮಾಡುವಾಗ ಘಮ ಹೋಗುತ್ತದೆ, ವಿಟಮಿನ್ ಇ ಸ್ವಲ್ಪ ಹೋಗುತ್ತದೆ. ಆದರೆ ಬೂಸ್ಟು ಹಿಡಿದ ಕಡಲೆಕಾಯಿಯಿಂದ ಬರುವ ಅಫ್ಲಟಾಕ್ಸಿನ್ ಎಂಬ ವಿಷವೂ ಆಗಲೇ ಹೋಗುತ್ತದೆ. ಗಾಣದೆಣ್ಣೆಯಲ್ಲಿ ಅದು ಹಾಗೇ ಉಳಿಯಬಹುದು. ಹಾಗಾಗಿ ಗಾಣದವರು ಯಾವ ಬೀಜ ಹಾಕುತ್ತಾರೆ ಎಂದು ಮೂಟೆಗೆ ಕೈ ಹಾಕಿ ನೋಡಿ. ಮುಗ್ಗಲು ವಾಸನೆ ಬಂದರೆ ಸುಮ್ನೆ ವಾಪಸ್ ಬನ್ನಿ. ಪ್ಯಾಕೆಟ್ ಮೇಲಿನ "ಕೊಲೆಸ್ಟ್ರಾಲ್ ಫ್ರೀ" ನೋಡಿಯೂ ಮಾರುಹೋಗಬೇಡಿ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಇಲ್ಲವೆಂದರೂ ನಡೆಯುತ್ತದೆ.

ಆಲಿವ್, ಸಾಸಿವೆ ಎಣ್ಣೆಗಳ ಬಗ್ಗೆಯೂ ಕೇಳಿದ್ದೀರಿ. ಎರಡೂ ಒಳ್ಳೆಯವೇ. ಆದರೆ ಅಪ್ಪ ಅದರಲ್ಲಿ ಮಾಡಿದ ಚಿತ್ರಾನ್ನ ತಿನ್ನುತ್ತಾರಾ? ತಿನ್ನದಿದ್ದರೆ ಯಾಕೆ ತರುತ್ತೀರಿ?

ನಿಜ ಹೇಳಬೇಕೆಂದರೆ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಯಾವ ಎಣ್ಣೆಯಾದರೂ ಗ್ರಾಮಿಗೆ 9 ಕ್ಯಾಲೊರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿ ಊಟಕ್ಕೆ ಎಣ್ಣೆ, ತುಪ್ಪ ಎಲ್ಲ ಸೇರಿ ದಿನಕ್ಕೆ ಸುಮಾರು 27 ಗ್ರಾಂ. ತಿಂಗಳಿಗೆ ತಲೆಗೆ ಮುಕ್ಕಾಲು ಲೀಟರಿಗಿಂತ ತುಸು ಜಾಸ್ತಿ, 900 ಎಂಎಲ್ ಹತ್ತಿರ. ಹೊರಗೆ ತಿನ್ನುವ ಮಸಾಲೆ ದೋಸೆ, ಬೇಕರಿ ಪಫ್ಸ್ ಕೂಡ ಇದರೊಳಗೇ ಬರಬೇಕು. ಕಳೆದ ತಿಂಗಳು ನಿಮ್ಮ ಮನೆಗೆ ಎಷ್ಟು ಎಣ್ಣೆ ಬಂತು, ಎಷ್ಟು ಜನ ಇದ್ದೀರಿ, ಭಾಗಿಸಿ ನೋಡಿ. ನಮ್ಮ ಮನೆಯಲ್ಲಿ ಆ ಲೆಕ್ಕ ಹಾಕಿದ ದಿನ ನನಗೆ ಗಾಬರಿಯಾಯಿತು.

ಈಗ ಒಗ್ಗರಣೆಗೆ ಕಡಲೆಕಾಯಿ ಎಣ್ಣೆ. ಅದು ಮುಗಿದಾಗ ಸೂರ್ಯಕಾಂತಿ ಅಥವಾ ಅಕ್ಕಿ ತೌಡಿನ ಎಣ್ಣೆ. ಕೊಬ್ಬರಿ ಎಣ್ಣೆ ಅವಿಯಲ್ ಮಾಡಿದಾಗ ಒಂದು ಚಮಚ, ಅಷ್ಟೇ. ತಿಂಗಳ ಎಣ್ಣೆಯನ್ನು ಒಂದನೇ ತಾರೀಖೇ ತೆಗೆದಿಡುತ್ತೇನೆ. ಜಗ್ಗಿನಿಂದ ನೇರ ಸುರಿಯುವುದಿಲ್ಲ, ಚಮಚ ಬೇಕೇ ಬೇಕು. ಕರಿಯಲೇಬೇಕಾದರೆ ಚಿಕ್ಕ ಬಾಣಲೆಯಲ್ಲಿ ಸ್ವಲ್ಪವೇ ಎಣ್ಣೆ ಹಾಕುತ್ತೇನೆ, ಮಿಕ್ಕಿದ್ದನ್ನು ಮತ್ತೆ ಕರಿಯಲು ಇಡುವುದಿಲ್ಲ.

ಅಪ್ಪನಿಗೆ ಡಾಕ್ಟರು ಆಗಲೇ ಮಾತ್ರೆ ಬರೆದಿದ್ದರೆ, ಎಣ್ಣೆ ಬದಲಾಯಿಸಿದ್ದೇವೆ ಎಂದು ಅದನ್ನು ನೀವೇ ನಿಲ್ಲಿಸಬೇಡಿ. ಮುಂದಿನ ಸಲ ಹೋಗುವಾಗ ರಿಪೋರ್ಟ್ ಜೊತೆ ಮನೆಯ ಎಣ್ಣೆ, ತುಪ್ಪದ ಲೆಕ್ಕವನ್ನೂ ಬರೆದುಕೊಂಡು ಹೋಗಿ ತೋರಿಸಿ.