ಓದುಗರ ಪ್ರಶ್ನೆ: ಓಟದ ಶೂ – ಮಾದರಿಯ ನಂಬರು ಬದಲಾದರೆ ಏನೇನು ಬದಲಾಗುತ್ತದೆ?

ಪ್ರಶ್ನೆ: ಬೆಳಿಗ್ಗೆ ಕುಂದವಾಡ ಕೆರೆ ಬಳಿ ಐದಾರು ಕಿಲೋಮೀಟರ್ ಓಡುತ್ತೇನೆ. ಇಷ್ಟು ದಿನ ಹೋಕಾ ಕ್ಲಿಫ್ಟನ್ 9 ಹಾಕುತ್ತಿದ್ದೆ, ಈಗ ಅಟ್ಟೆ ಸವೆದಿದೆ. ಅಂಗಡಿಯಲ್ಲಿ ಕ್ಲಿಫ್ಟನ್ 10 ಮಾತ್ರ ಇದೆ. ಅದೇ ಶೂ ತಾನೇ, ಕಣ್ಣುಮುಚ್ಚಿ ತೆಗೆದುಕೊಳ್ಳಬಹುದೇ?
– ಶಿಕ್ಷಕಿ, ವಿದ್ಯಾನಗರ, ದಾವಣಗೆರೆ

ಉತ್ತರ: ಹೆಸರು ಅದೇ, ಶೂ ಅದೇ ಅಲ್ಲ. ಹಿಮ್ಮಡಿಯ ಕೆಳಗಿನ ಅಟ್ಟೆ ಮುಂಗಾಲಿನ ಕೆಳಗಿನದಕ್ಕಿಂತ ಎಷ್ಟು ಎತ್ತರವೋ ಅದಕ್ಕೆ ಡ್ರಾಪ್ ಅನ್ನುತ್ತಾರೆ. ಕ್ಲಿಫ್ಟನ್ 9ರಲ್ಲಿ ಅದು 5 ಮಿ.ಮೀ., 10ರಲ್ಲಿ 8 ಮಿ.ಮೀ. ಬೇರೆ ಕಂಪನಿಗಳಲ್ಲಿ ಇದು ಇಳಿದಿದೆ: ಬ್ರೂಕ್ಸ್ ಘೋಸ್ಟ್ 16ರಲ್ಲಿ 12 ಇದ್ದದ್ದು 17ರಲ್ಲಿ 10, ಆಸಿಕ್ಸ್ ಜೆಲ್ ಕಯಾನೊ 31ರಲ್ಲಿ 10 ಇದ್ದದ್ದು 32ರಲ್ಲಿ 8. ಎರಡು ಮೂರು ಮಿಲಿಮೀಟರ್ ಕೈಗೆ ತಿಳಿಯುವುದಿಲ್ಲ, ಸಾವಿರಾರು ಸಲ ನೆಲಕ್ಕೆ ಬೀಳುವ ಕಾಲಿಗೆ ತಿಳಿಯುತ್ತದೆ.

ಡ್ರಾಪ್ ಕಡಿಮೆಯಾದರೆ ಮೀನಖಂಡಕ್ಕೂ ಹಿಮ್ಮಡಿಯ ಹಿಂದಿನ ಅಕಿಲಿಸ್ ಸ್ನಾಯುರಜ್ಜಿಗೂ ಕೆಲಸ ಹೆಚ್ಚು. ಜಾಸ್ತಿಯಾದರೆ ಭಾರದಲ್ಲಿ ಮೊಣಕಾಲಿನ ಪಾಲು ಏರುತ್ತದೆ. ನೀವು 5ರಿಂದ 8ಕ್ಕೆ ಹೋಗುವುದರಿಂದ ಮೀನಖಂಡಕ್ಕೆ ಸ್ವಲ್ಪ ಆರಾಮ. ಹಳೆಯ ಮಂಡಿನೋವು ಇದ್ದರೆ ಮಾತ್ರ ಎಚ್ಚರ ಬೇಕು. ಘೋಸ್ಟ್, ಕಯಾನೊ ಹಾಕುವವರಿಗೆ ಇದು ತಿರುವುಮುರುವು, ಅವರಿಗೆ ಮೊದಮೊದಲು ಮೀನಖಂಡ ಬಿಗಿಯಬಹುದು.

ಹಳೆಯ ಜೊತೆಯನ್ನು ಈಗಲೇ ಎಸೆಯಬೇಡಿ. ಎರಡು ವಾರ ಒಂದು ದಿನ ಹಳೆಯದು, ಒಂದು ದಿನ ಹೊಸದು ಹಾಕಿ. ಹೊಸದರಲ್ಲಿ ಮೊದಲ ಎರಡು ಮೂರು ಸಲ 2–3 ಕಿಲೋಮೀಟರ್ ಸಾಕು. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೇ ಹಿಮ್ಮಡಿಯ ಹಿಂಭಾಗ ಹಿಡಿದುಕೊಂಡರೆ ದೂರ ಕಡಿಮೆ ಮಾಡಿ. ಕ್ಲಿಫ್ಟನ್ 9 ರಿಯಾಯಿತಿಯಲ್ಲಿ ಎಲ್ಲಾದರೂ ಸಿಕ್ಕರೆ ಅದನ್ನೇ ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಡಬ್ಬಿಯ ಮೇಲೆ ಎಂ.ಆರ್.ಪಿ. ಜೊತೆ ಅಚ್ಚಾಗಿರುವ ತಯಾರಿಕೆ ಅಥವಾ ಆಮದಿನ ತಿಂಗಳು, ವರ್ಷ ಓದಿಕೊಳ್ಳಿ. ಗೋದಾಮಿನ ಸೆಕೆಯಲ್ಲಿ ವರ್ಷಗಟ್ಟಲೆ ಕೂತ ಶೂವಿನ ಅಂಟು ಸಡಿಲಾಗುತ್ತದೆ, ಅಟ್ಟೆಯೊಳಗಿನ ಮೆತ್ತನೆಯ ಫೋಮ್ ಗಡುಸಾಗುತ್ತದೆ.

ಪ್ರಶ್ನೆ: ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಯ 1600 ಮೀಟರ್ ಓಟಕ್ಕೆ ಊರಿನ ಶಾಲೆ ಮೈದಾನದಲ್ಲಿ ತಯಾರಿ ನಡೆಸಿದ್ದೇನೆ. ಕಾರ್ಬನ್ ಪ್ಲೇಟ್ ಶೂ ಹಾಕಿದರೆ ಟೈಮಿಂಗ್ ಇಳಿಯುತ್ತದೆ ಅಂತಾರೆ. ಸಾಲ ಮಾಡಿಯಾದರೂ ಕೊಳ್ಳಲೇ ಸಾರ್?
– ಅಭ್ಯರ್ಥಿ, ಚಳ್ಳಕೆರೆ

ಉತ್ತರ: ಬೇಡ, ಖಂಡಿತ ಬೇಡ. ಅಟ್ಟೆಯೊಳಗೆ ಕಾರ್ಬನ್ ನಾರಿನ ಗಟ್ಟಿ ಹಲಗೆ ಇರುವ ಆ ಶೂಗಳನ್ನು ಮಾಡಿರುವುದು ಡಾಂಬರು ರಸ್ತೆಯ ದೂರದ ಓಟಕ್ಕೆ. ಅಟ್ಟೆ 40 ಮಿ.ಮೀ. ಹತ್ತಿರ ಎತ್ತರ, ಫೋಮ್ ಬಹಳ ಮೆತ್ತಗೆ. ಮಣ್ಣಿನ ಮೈದಾನದ ತಿರುವಿನಲ್ಲಿ ವೇಗವಾಗಿ ಹೊರಳಿದರೆ ಅಷ್ಟೆತ್ತರದ ಮೆತ್ತನೆಯ ಅಟ್ಟೆ ಪಕ್ಕಕ್ಕೆ ವಾಲುತ್ತದೆ, ಕಣಕಾಲು ಉಳುಕುತ್ತದೆ. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ನಿಯಮವೂ ರಸ್ತೆ ಓಟಕ್ಕೆ 40 ಮಿ.ಮೀ. ತನಕ ಬಿಟ್ಟು, ಟ್ರ್ಯಾಕ್ ಓಟಗಳಿಗೆ 2024ರ ನವೆಂಬರ್‌ನಿಂದ 20 ಮಿ.ಮೀ.ಗೇ ನಿಲ್ಲಿಸಿದೆ.

ನಿಮಗೆ ಬೇಕಿರುವುದು ಹಗುರವಾದ, ಅಟ್ಟೆ ತೀರಾ ಎತ್ತರವಿಲ್ಲದ ದಿನಬಳಕೆಯ ಓಟದ ಶೂ. ಅಂಗಡಿಯಲ್ಲಿ ಹಿಮ್ಮಡಿಯ ಹಿಂದಿನ ಬಟ್ಟಲನ್ನು ಹೆಬ್ಬೆರಳಿನಿಂದ ಒತ್ತಿ: ಸುಲಭವಾಗಿ ಒಳಕ್ಕೆ ಕುಸಿಯಬಾರದು. ಎರಡೂ ತುದಿ ಹಿಡಿದು ಬಾಗಿಸಿ: ಬೆರಳುಗಳ ಬುಡದಲ್ಲಿ ಬಾಗಬೇಕು, ನಡು ಮಧ್ಯೆ ಮಡಚಬಾರದು. ಪುಡಿಮಣ್ಣಿನ ಮೇಲೆ ನುಣ್ಣನೆಯ ಅಟ್ಟೆ ಜಾರುತ್ತದೆ, ರಬ್ಬರಿನಲ್ಲಿ ಗೀರುಗಳಿರಲಿ. ಪರೀಕ್ಷೆಯ ದಿನ ಹೊಸ ಶೂ ಹಾಕಬೇಡಿ. ಅದರಲ್ಲಿ ಕನಿಷ್ಠ 30–40 ಕಿಲೋಮೀಟರ್ ಓಡಿರಬೇಕು. ಸಾಲದ ದುಡ್ಡು ಉಳಿಯಲಿ, ಮೊಟ್ಟೆ ಶೇಂಗಾಕ್ಕೆ ಹಾಕಿದರೆ ಟೈಮಿಂಗ್‌ಗೆ ಹೆಚ್ಚು ನೆರವು.

ಪ್ರಶ್ನೆ: ತೂಕ 90 ಕೆ.ಜಿ., ಪಾದ ಚಪ್ಪಟೆ. ಹಿಮ್ಮಡಿಯ ಹೊರ ಅಂಚು ಬೇಗ ಸವೆಯುತ್ತದೆ. ಯಾವ ಶೂ?
– ವ್ಯಾಪಾರಿ, ದಾವಣಗೆರೆ

ಉತ್ತರ: ಹಿಮ್ಮಡಿಯ ಹೊರ ಅಂಚು ಹೆಚ್ಚಿನವರಲ್ಲಿ ಸವೆಯುತ್ತದೆ, ಕಾಲು ನೆಲ ಮುಟ್ಟುವುದೇ ಅಲ್ಲಿಂದ. ಗಮನಿಸಬೇಕಾದದ್ದು ಮುಂಗಾಲಿನ ಒಳ ಅಂಚನ್ನು, ಮತ್ತು ಹಳೆಯ ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದಾಗ ಅದು ಒಳಕ್ಕೆ ವಾಲಿದೆಯೇ ಎಂಬುದನ್ನು. ನೋವಿಲ್ಲದೆ ಓಡುತ್ತಿದ್ದರೆ ಪಾದ ಚಪ್ಪಟೆ ಎಂಬ ಒಂದೇ ಕಾರಣಕ್ಕೆ, ಪಾದ ಒಳಕ್ಕೆ ವಾಲದಂತೆ ಹಿಡಿಯುವ ಆಧಾರದ ಶೂ ಬೇಕಿಲ್ಲ. ಮೊಣಗಂಟಿನ ಒಳಬದಿಯೋ ಕೆಳಗಾಲಿನ ಮೂಳೆಯೋ ನೋಯುತ್ತಿದ್ದರೆ ಕಯಾನೊ, ಬ್ರೂಕ್ಸ್ ಅಡ್ರಿನಲಿನ್ ಹಾಕಿ ನೋಡಿ. ಕಯಾನೊ 2023ರ 30ನೇ ಮಾದರಿಯಿಂದ ಒಳಬದಿಯ ಗಟ್ಟಿ ಫೋಮ್ ತುಂಡನ್ನು ಬಿಟ್ಟು, ಅಗಲವಾದ ತಳದಿಂದ ಪಾದವನ್ನು ಹಿಡಿಯುತ್ತದೆ. ಅಡ್ರಿನಲಿನ್‌ನಲ್ಲಿ ಹಿಮ್ಮಡಿಯ ಎರಡೂ ಬದಿ ಕಟ್ಟೆಯಂತೆ ಗಟ್ಟಿ ಫೋಮ್ ಇರುತ್ತದೆ. ಚಪ್ಪಟೆ ಪಾದಕ್ಕೆ ಉದ್ದಕ್ಕಿಂತ ಅಗಲ ಮುಖ್ಯ: ಒಂದು ಸೈಜು ದೊಡ್ಡದು ಕೊಳ್ಳುವ ಬದಲು 2ಇ (ಗಂಡಸರ ಶೂಗಳಲ್ಲಿ ಮಾಮೂಲಿಗಿಂತ ಹೆಚ್ಚಿನ) ಅಗಲ ಕೇಳಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದರೆ ಸೈಜು ಪ್ರತಿ ಸಲ ತಪ್ಪುತ್ತದೆ.
– ಓದುಗರು, ಹೊಳಲ್ಕೆರೆ

ಉತ್ತರ: ಯುಕೆ ಸೈಜನ್ನು ನಂಬಬೇಡಿ. ಗಂಡಸರ ಯುಕೆ 8 ನೈಕಿಯಲ್ಲಿ 27 ಸೆಂ.ಮೀ., ಅಡಿಡಾಸ್‌ನಲ್ಲಿ 26.5. ಸಂಜೆ, ಪಾದ ಊದಿರುವಾಗ, ಓಡುವ ಸಾಕ್ಸ್ ಹಾಕಿ, ಹಿಮ್ಮಡಿಯನ್ನು ಗೋಡೆಗೆ ಒತ್ತಿ ಹಾಳೆಯ ಮೇಲೆ ನಿಂತು ಅತಿ ಉದ್ದದ ಬೆರಳಿಗೆ ಗುರುತು ಹಾಕಿ. ಎರಡೂ ಪಾದ ಅಳೆದು, ದೊಡ್ಡದರ ಅಳತೆಯನ್ನು ಆಯಾ ಕಂಪನಿಯ ಸೆಂಟಿಮೀಟರ್ ಪಟ್ಟಿಗೆ ಹೋಲಿಸಿ. ಶೂ ಬಂದಮೇಲೆ ನಿಂತು ನೋಡಿದಾಗ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಇರಬೇಕು. ಹಿಮ್ಮಡಿ ಮೇಲೇಳುತ್ತಿದ್ದರೆ ವಾಪಸ್ ಕಳಿಸುವ ಮುನ್ನ ಲೇಸನ್ನು ತುದಿಯ ಹೆಚ್ಚುವರಿ ತೂತಿಗೂ ಪೋಣಿಸಿ ಕಟ್ಟಿ ನೋಡಿ.

ಪ್ರಶ್ನೆ: ಜೋಗಿಮಟ್ಟಿ, ಚಂದ್ರವಳ್ಳಿ ಕಡೆ ಓಡಲು ಟ್ರೇಲ್ ಶೂ ಬೇಕೇ?
– ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಡಾಂಬರು ದಾರಿಗೆ ಬೇಡ. ಕಲ್ಲು, ಮುಳ್ಳಿನ ಕಾಲುದಾರಿಗೆ ಬೇಕು. ರಸ್ತೆಯ ಶೂಗಳಲ್ಲಿ ಫೋಮ್ ಅಲ್ಲಲ್ಲಿ ಬರಿದಾಗಿಯೇ ಇರುತ್ತದೆ. ಜಾಲಿಮುಳ್ಳು ಅಲ್ಲಿ ಹೊಕ್ಕು ಮುರಿದರೆ ಪ್ರತಿ ಹೆಜ್ಜೆಗೂ ಮೇಲೇರುತ್ತದೆ. ಓಟ ಮುಗಿದ ಕೂಡಲೇ ಇಕ್ಕಳದಿಂದ ಕೀಳಿ. ಹೋಕಾ ಸ್ಪೀಡ್‌ಗೋಟ್ 6ರ ಅಟ್ಟೆಯಲ್ಲಿ 5 ಮಿ.ಮೀ. ಹಲ್ಲುಗಳಿವೆ, ಸಡಿಲ ಮಣ್ಣಿಗೆ ಒಳ್ಳೆಯದು. ಆದರೆ ಮನೆಯಿಂದಲೇ ಡಾಂಬರಿನ ಮೇಲೆ ಓಡಿ ಹೋಗುವವರಿಗೆ ಅಷ್ಟು ಉದ್ದದ ಹಲ್ಲು ಬೇಗ ಸವೆಯುತ್ತದೆ, 3 ಮಿ.ಮೀ. ಆಸುಪಾಸು ಸಾಕು. ಮಳೆ ಬಿದ್ದ ಬಂಡೆಯ ಮೇಲೆ ಹಲ್ಲಿನ ಉದ್ದಕ್ಕಿಂತ ರಬ್ಬರಿನ ಅಂಟುಗುಣ ಮುಖ್ಯ.

ಪ್ರಶ್ನೆ: ಶೂ ತೊಳೆಯುವುದು ಹೇಗೆ, ಎಷ್ಟು ದಿನ ಬರುತ್ತದೆ?
– ಓದುಗರು, ಹರಿಹರ

ಉತ್ತರ: ವಾಷಿಂಗ್ ಮೆಷಿನ್ ಬೇಡ. ಒಳಅಟ್ಟೆ, ಲೇಸು ತೆಗೆದು ತಣ್ಣೀರು, ಸ್ವಲ್ಪ ಸೋಪು, ಮೆತ್ತನೆಯ ಬ್ರಷ್. ಒಳಗೆ ಪತ್ರಿಕೆ ಕಾಗದ ತುರುಕಿ ನೆರಳಲ್ಲಿ ಒಣಗಿಸಿ. ತಾರಸಿಯ ಬಿಸಿಲು, ಬೈಕಿನ ಡಿಕ್ಕಿ ಎರಡೂ ಅಂಟಿಗೆ ಶತ್ರು. ಸಾಮಾನ್ಯ ಬಾಳಿಕೆ 500ರಿಂದ 800 ಕಿಲೋಮೀಟರ್. ತೂಕ ಹೆಚ್ಚಿದ್ದವರಿಗೆ ಇನ್ನೂ ಕಡಿಮೆ.