ಪೆನ್ಷನ್ ಬಂತು, ನಿದ್ದೆ ಬರಲಿಲ್ಲ

ಪ್ರಶ್ನೆ: ನಮ್ಮ ಯಜಮಾನರು ಸೈನ್ಯದಲ್ಲಿ ಹವಾಲ್ದಾರ್ ಆಗಿದ್ದರು. ಕೊನೆಯ ಪೋಸ್ಟಿಂಗ್ ಕುಪ್ವಾರಾ ಕಡೆ, ಎಲ್‌ಒಸಿ ಮೇಲೆ. ಪೆನ್ಷನ್ ತಗೊಂಡು ಬಂದು ಒಂದೂವರೆ ವರ್ಷವಾಯಿತು. ಈಗ ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್, ನೈಟ್ ಡ್ಯೂಟಿ. ಹಗಲು ಮಲಗಿದರೂ ಅರ್ಧ ಗಂಟೆಗೊಮ್ಮೆ ಬೆಚ್ಚಿ ಏಳುತ್ತಾರೆ. ರಜೆಯ ದಿನ ಬೆಳಗಿನ ಜಾವ ನಾಲ್ಕಕ್ಕೇ ಟೆರೇಸಿಗೆ ಹೋಗಿ, ಬೆಳಕು ಹರಿಯುವ ತನಕ ನೀರಿನ ಟ್ಯಾಂಕಿನ ಪಕ್ಕ ನಿಂತಿರುತ್ತಾರೆ. ಪಕ್ಕದ ಸೈಟಿಗೆ ಬೋರ್‌ವೆಲ್ ಲಾರಿ ಬಂದಾಗ ಮಗನನ್ನು ಎಳೆದುಕೊಂಡು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡರು. ಮಗನಿಗೆ ಒಂಬತ್ತು ವರ್ಷ, ಅವತ್ತಿನಿಂದ ಅಪ್ಪನ ಹತ್ತಿರ ಹೋಗುತ್ತಿಲ್ಲ. ಕ್ಯಾಂಟೀನ್ ರಮ್ ಎರಡು ಪೆಗ್ಗಿನಿಂದ ಅರ್ಧ ಬಾಟಲಿಗೆ ಬಂದಿದೆ. ಒಂದು ಸಲ ಸಿಂಕಿಗೆ ಸುರಿದುಬಿಟ್ಟೆ, ಎರಡು ದಿನ ಕೈ ನಡುಗಿ ಮೈಯೆಲ್ಲ ಬೆವರಿದರು. ಪರಿಚಯದ ಮೆಡಿಕಲ್ ಶಾಪಿನವರು ನಿದ್ದೆ ಮಾತ್ರೆ ಕೊಟ್ಟಿದ್ದಾರೆ. ಅಲ್ಲಿ ಏನಾಯಿತು ಅಂತ ಕೇಳಿದರೆ ಎದ್ದು ಹೋಗುತ್ತಾರೆ. ನಿಮ್ಹಾನ್ಸ್ ಅಂದರೆ ಜಗಳ. ಇವರಿಗೇನು ಹುಚ್ಚಾ ಮೇಡಂ? ಬ್ಯಾಂಕ್ ಕೆಲಸಕ್ಕೆಂದು ಲೈಸೆನ್ಸ್ ಮಾಡಿಸಿದ ಡಬಲ್ ಬ್ಯಾರಲ್ ಬಂದೂಕು ಬೇರೆ ಬೀರುವಿನಲ್ಲಿದೆ.
– ಹೆಸರು ಬೇಡ, ವಿದ್ಯಾರಣ್ಯಪುರ

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನಮ್ಮ. ಆ ಬಂದೂಕು ಈ ವಾರವೇ ಮನೆಯಿಂದ ಹೊರಗೆ ಹೋಗಬೇಕು. ಚುನಾವಣೆ ಬಂದಾಗ ಲೈಸೆನ್ಸ್‌ದಾರರೆಲ್ಲ ಠಾಣೆಗೆ ಒಪ್ಪಿಸುತ್ತಾರಲ್ಲ, ಹಾಗೆ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೋ ಇಟ್ಟು ರಸೀದಿ ತಗೊಳ್ಳಲಿ. ಇದು ಅವರ ಮೇಲಿನ ಅಪನಂಬಿಕೆ ಅಲ್ಲ. ಕುಡಿತ, ನಿದ್ದೆಗೇಡು, ಕೈಗೆಟಕುವ ಬಂದೂಕು, ಮೂರೂ ಒಂದೇ ಮನೆಯಲ್ಲಿ ಇರಬಾರದು. ಆಯುಧವನ್ನು 'ಕೋತ್'ನಲ್ಲಿ, ಅಂದರೆ ಸೈನ್ಯದ ಆಯುಧ ಕೋಣೆಯಲ್ಲಿ, ಜಮಾ ಮಾಡಿ ಸಹಿ ಹಾಕುವುದು ಅವರಿಗೆ ದಿನನಿತ್ಯದ ಅಭ್ಯಾಸವಾಗಿತ್ತು. ಆ ಭಾಷೆಯಲ್ಲೇ ಹೇಳಿ, ಒಪ್ಪಬಹುದು. ಜೊತೆಗೆ ಒಂದು ಮಾತನ್ನು ನೇರವಾಗಿ ಕೇಳಿ: "ಜೀವ ಬೇಡ ಅನ್ನಿಸುತ್ತಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟಿಕೊಳ್ಳುವುದಿಲ್ಲ, ಹೆದರಬೇಡಿ. ಹೌದು ಅಂದರೆ ಒಬ್ಬರನ್ನೇ ಬಿಡದೆ, ಆ ಹೊತ್ತಿಗೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ನಿಮ್ಹಾನ್ಸ್‌ನಲ್ಲಿ ಅದು ರಾತ್ರಿಯೂ ತೆರೆದಿರುತ್ತದೆ.

ನಾನು ಡಾಕ್ಟರಲ್ಲ. ಮಿಲಿಟರಿ ಆಸ್ಪತ್ರೆಗಳ ಸೈಕಿಯಾಟ್ರಿ ವಾರ್ಡುಗಳಲ್ಲಿ ನರ್ಸಾಗಿ ದುಡಿದವಳು, ಹಾಗಾಗಿ ಪತ್ರ ಓದಿ ರೋಗದ ಹೆಸರು ಹೇಳಲಾರೆ. ಆದರೆ ನಾಲ್ಕು ಗಂಟೆಗೆ ಟೆರೇಸ್ ಹತ್ತುವುದು ಹುಚ್ಚಲ್ಲ ಅಂತ ಧೈರ್ಯವಾಗಿ ಹೇಳಬಲ್ಲೆ. ಅದು 'ಸ್ಟ್ಯಾಂಡ್ ಟು'. ದಾಳಿಯಾಗುವುದಿದ್ದರೆ ನಸುಕಿನಲ್ಲಿ ಅಥವಾ ಮುಸ್ಸಂಜೆಯಲ್ಲಿ ಆಗುವ ಸಂಭವ ಹೆಚ್ಚು ಎಂದು, ಪೋಸ್ಟಿನ ಜವಾನರೆಲ್ಲ ಆ ಹೊತ್ತಿಗೆ ಆಯುಧ ಹಿಡಿದು ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತಾರೆ. ನಿಮ್ಮವರು ವರ್ಷಗಟ್ಟಲೆ ನಿಂತಿದ್ದಾರೆ, ಹಾಗೆ ನಿಂತದ್ದರಿಂದಲೇ ಬದುಕಿ ಬಂದಿರಲೂಬಹುದು. ಡಿಸ್ಚಾರ್ಜ್ ಬುಕ್ಕಿಗೆ ಸೀಲು ಬಿತ್ತೆಂದು ಮೈ ಅದನ್ನು ಮರೆಯುವುದಿಲ್ಲ. ಬೋರ್‌ವೆಲ್ ಕಂಪ್ರೆಸರಿನ ಸದ್ದಿಗೆ ಮಗನನ್ನು ಎತ್ತಿಕೊಂಡು ಓಡಿದ್ದೂ ಅಂಥದ್ದೇ. ಅವರು ಓಡುವಾಗ ತಮ್ಮನ್ನು ಉಳಿಸಿಕೊಳ್ಳಲಿಲ್ಲ, ಮಗುವನ್ನು ಎಳೆದುಕೊಂಡರು. ಮಗನಿಗೆ ಇದನ್ನು ಯಾರಾದರೂ ಹೇಳಬೇಕು: "ಅಪ್ಪನಿಗೆ ಅದು ಶೆಲ್ಲಿನ ಸದ್ದಿನ ಹಾಗೆ ಕೇಳಿಸಿತು, ನಿನ್ನನ್ನು ಕಾಪಾಡಬೇಕು ಅಂದುಕೊಂಡರು. ಅವರಿಗೆ ಹುಷಾರಿಲ್ಲ, ಔಷಧಿ ಕೊಡಿಸುತ್ತಿದ್ದೇವೆ." ಒಂಬತ್ತು ವರ್ಷದ ಹುಡುಗನಿಗೆ ಇಷ್ಟು ಅರ್ಥವಾಗುತ್ತದೆ.

ಬೆಚ್ಚಿಬೀಳುವುದು, ನಿದ್ದೆಗೇಡು, ಕೇಳಿದರೆ ಎದ್ದು ಹೋಗುವುದು, ಕಂಡದ್ದೇ ಮತ್ತೆ ಕಣ್ಮುಂದೆ ಬರುವುದು, ಇವು ಒಂದು ತಿಂಗಳು ದಾಟಿ ಉಳಿದರೆ ವೈದ್ಯರು ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತದ ನಂತರ ಉಳಿಯುವ ಮನಸ್ಸಿನ ಕಾಯಿಲೆ, ಇದೆಯೇ ಎಂದು ಪರೀಕ್ಷಿಸುತ್ತಾರೆ. ಅಮೆರಿಕದ ಮನೋವೈದ್ಯರ ಪಟ್ಟಿಗೆ ಈ ಹೆಸರು ಸೇರಿದ್ದು 1980ರಲ್ಲಿ, ಕಾಯಿಲೆ ಮಾತ್ರ ಹಳೆಯದು. ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲೇ ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯರು ಇದನ್ನು 'ಶೆಲ್ ಶಾಕ್' ಎಂದು ಬರೆದಿದ್ದರು.

ಇನ್ನು ರಮ್. ಸಿಂಕಿಗೆ ಸುರಿದ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಇನ್ನೊಂದು ಸಲ ಹಾಗೆ ಮಾಡಬೇಡಿ. ದಿನಾ ಅರ್ಧ ಬಾಟಲಿ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ದಿಕ್ಕು ದೆಸೆ ತಪ್ಪಿ ಏನೇನೋ ಕಾಣಿಸಬಹುದು, ಜೀವಕ್ಕೂ ಅಪಾಯ. ಕೈ ನಡುಗಿ ಬೆವರಿದ್ದು ಅದರ ಮುನ್ಸೂಚನೆ. ವೈದ್ಯರ ಕಣ್ಣೆದುರೇ ಬಿಡಿಸಬೇಕು. ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ. ನಿದ್ದೆ ಬರಲೆಂದು ಕುಡಿಯುತ್ತೇನೆ ಅನ್ನುತ್ತಾರೆ ಎಲ್ಲರೂ. ಕುಡಿದರೆ ಕಣ್ಣು ಬೇಗ ಮುಚ್ಚುವುದು ನಿಜ, ಉಳಿದರ್ಧ ರಾತ್ರಿ ಕೆಡುವುದೂ ಅಷ್ಟೇ ನಿಜ.

ಆ ನಿದ್ದೆ ಮಾತ್ರೆಯ ಸ್ಟ್ರಿಪ್ಪಿನ ಹಿಂದೆ ಆಲ್ಪ್ರಜೋಲಮ್ ಎಂದಿದ್ದರೆ ಇನ್ನೂ ಎಚ್ಚರ. ರಮ್ಮಿನ ಜೊತೆ ಅದು ಸೇರಿದರೆ ಉಸಿರು ಕುಗ್ಗುತ್ತದೆ. ಚೀಟಿಯಿಲ್ಲದೆ ಅದನ್ನು ಕೊಟ್ಟ ಅಂಗಡಿಯವರ ಬಗ್ಗೆ ನಾನು ಬರೆದರೆ ಸಂಪಾದಕರು ಕತ್ತರಿ ಹಾಕುತ್ತಾರೆ, ಬಿಡಿ. ಎಷ್ಟು ದಿನ ನುಂಗಿದ್ದಾರೆಂದು ವೈದ್ಯರಿಗೆ ಮುಚ್ಚಿಡದೆ ಹೇಳಿ, ಅದನ್ನೂ ಅವರೇ ನಿಧಾನವಾಗಿ ಇಳಿಸುತ್ತಾರೆ.

"ಅಲ್ಲಿ ಏನಾಯಿತು" ಅಂತ ಕೇಳುವುದನ್ನು ನಿಲ್ಲಿಸಿ. ಅದನ್ನು ಬಿಡಿಸುವ ಕೆಲಸ ತರಬೇತಿಯಾದವರದು. ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ 8ರಿಂದ 15 ಭೇಟಿ, ಸ್ವಲ್ಪಸ್ವಲ್ಪವೇ. ಬೇಕಾದರೆ ಸರ್ಟ್ರಲೀನ್‌ನಂಥ ಮಾತ್ರೆ ಕೊಡುತ್ತಾರೆ, ಅದು ಹಿಡಿಯಲು ಕೆಲವು ವಾರ ಬೇಕು. ಮೂರು ದಿನ ನುಂಗಿ ಪ್ರಯೋಜನವಿಲ್ಲ ಎಂದು ಬಿಟ್ಟವರನ್ನು ಬಹಳ ನೋಡಿದ್ದೇನೆ. ನೀವು ಮನೆಯಲ್ಲಿ ಕೇಳಬೇಕಾದ್ದು ಬೇರೆ: ಇವತ್ತು ನಿದ್ದೆ ಎಷ್ಟು ಹೊತ್ತು ಬಂತು, ಊಟ ಸೇರಿತಾ, ಸಾಯಂಕಾಲ ತರಕಾರಿಗೆ ಬರ್ತೀರಾ. ಮಲಗಿದ್ದಾಗ ಮೈಮುಟ್ಟಿ ಎಬ್ಬಿಸಬೇಡಿ, ಬಾಗಿಲ ಹತ್ತಿರ ನಿಂತು ಹೆಸರು ಹಿಡಿದು ಕರೆಯಿರಿ. ಗಂಡನ ಹೆಸರು ಹೇಳಬಾರದು ಅಂತ ಅತ್ತೆ ಮುನಿದರೆ ನನ್ನ ಹೆಸರು ಹೇಳಿ.

ನಿಮ್ಹಾನ್ಸ್ ಅಂದರೆ ಜಗಳವಾಗುವುದಾದರೆ ಸದ್ಯಕ್ಕೆ ಆ ಹೆಸರು ಎತ್ತಬೇಡಿ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇ.ಸಿ.ಎಚ್.ಎಸ್.ನ ಪಾಲಿಕ್ಲಿನಿಕ್ಕಿಗೆ "ನಿದ್ದೆ ಬರುತ್ತಿಲ್ಲ, ಬಿ.ಪಿ. ನೋಡಿಸೋಣ" ಎಂದು ಹೊರಡಿಸಿ. ಅದು ಸುಳ್ಳೂ ಅಲ್ಲವಲ್ಲ. ಅಲ್ಲಿನ ಸಾಲಿನಲ್ಲಿ ಕೂತವರೆಲ್ಲ ಫೌಜಿಗಳೇ, ಮಾತು ಹೊರಡುತ್ತದೆ. ಡಾಕ್ಟರಿಗೆ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ನೀವೇ ಕೊಡಿ, ರೆಫರಲ್ ಅಲ್ಲಿಂದಲೇ ಸಿಗುತ್ತದೆ. ನಿಮ್ಮ ಹೆಸರಲ್ಲೂ ಕಾರ್ಡ್ ಇರಬೇಕು. ನಿಮಗೂ ನಿದ್ದೆ ಇಲ್ಲ ಎಂದು ಪತ್ರದ ಅಕ್ಷರವೇ ಹೇಳುತ್ತಿದೆ, ನೀವೂ ತೋರಿಸಿಕೊಳ್ಳಿ.

ನೈಟ್ ಡ್ಯೂಟಿ ಬಿಡಲೇಬೇಕು. ವಿದ್ಯಾರಣ್ಯಪುರದಿಂದ ಸರ್ಜಾಪುರ ರಸ್ತೆಗೆ ದಿನಾ ಹೋಗಿಬರುವುದು ಆರೋಗ್ಯವಂತನನ್ನೂ ಕೆಡಿಸುತ್ತದೆ. ಯಲಹಂಕ ಕಡೆ ಹಗಲು ಪಾಳಿ ಹುಡುಕಿ, ಸಂಬಳ ಎರಡು ಸಾವಿರ ಕಡಿಮೆಯಾದರೂ ಸರಿ.

ಪ್ರಶ್ನೆ: ಇನ್ನೂ ಸರ್ವಿಸಿನಲ್ಲಿದ್ದೇನೆ, ರಜೆಯಲ್ಲಿ ಯಶವಂತಪುರದ ಮನೆಗೆ ಬಂದಿದ್ದೇನೆ. ಜನಜಂಗುಳಿಯಲ್ಲಿ ಎದೆ ಹೊಡೆದುಕೊಳ್ಳುತ್ತದೆ. ಡಾಕ್ಟರಿಗೆ ಹೇಳಿದರೆ ಕೆಟಗರಿ ಇಳಿಸುತ್ತಾರೆ ಅಂತ ಭಯ.

ಉತ್ತರ: ಭಯ ಸುಳ್ಳಲ್ಲ ತಮ್ಮಾ. ಸೈನ್ಯದಲ್ಲಿ ಆರೋಗ್ಯದ ಕೆಟಗರಿ ಅಳೆಯುವ 'ಶೇಪ್'ನ (SHAPE) ಮೊದಲ ಅಕ್ಷರವೇ ಮನಸ್ಸಿನ ಲೆಕ್ಕ, ಅಲ್ಲಿ ಒಂದರಿಂದ ಕೆಳಗಿಳಿದರೆ ಪ್ರಮೋಷನ್ನಿಗೆ ತೊಡಕಾಗಬಹುದು. ಆದರೆ ಮೊದಲು ಕೊಡುವುದು ತಾತ್ಕಾಲಿಕ ಕೆಟಗರಿ, ಮರುಪರೀಕ್ಷೆಯಲ್ಲಿ ಮೇಲೇರಿದವರನ್ನು ನಾನೇ ವಾರ್ಡಿನಿಂದ ಕಳಿಸಿಕೊಟ್ಟಿದ್ದೇನೆ. ಬಚ್ಚಿಟ್ಟುಕೊಂಡು ಕೈಯಲ್ಲಿ ಲೋಡೆಡ್ ರೈಫಲ್ ಇರುವಾಗ ಕುಸಿಯುವುದು ನಿನಗೂ ಪಕ್ಕದಲ್ಲಿ ನಿಂತವನಿಗೂ ಅಪಾಯ. ಮೊದಲು 14416ಕ್ಕೆ ಫೋನ್ ಮಾಡು. ಅದು 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸೇನೆಯವರಿಗೆಂದು ಪುಣೆಯ ಸೇನಾ ವೈದ್ಯಕೀಯ ಕಾಲೇಜಾದ ಎ.ಎಫ್.ಎಂ.ಸಿ.ಯಲ್ಲೂ ಅದರ ಘಟಕವಿದೆ. ರಜೆ ಮುಗಿಯುವುದರೊಳಗೆ ಮಾಡು.

ಪ್ರಶ್ನೆ: ಮಗ ಸಿಯಾಚಿನ್‌ನಿಂದ ಬಂದಮೇಲೆ ಮಂಕಾಗಿದ್ದಾನೆ, ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ದೃಷ್ಟಿಯಾಗಿದೆ, ಶಾಂತಿ ಮಾಡಿಸಿ ಅನ್ನುತ್ತಾರೆ. ಮಾಡಿಸಲಾ? – ಒಬ್ಬ ತಾಯಿ, ಬಸವನಗುಡಿ

ಉತ್ತರ: ಅವನಿಗೆ ಇಷ್ಟವಿದ್ದರೆ ಮಾಡಿಸಿ. ಹೊಗೆಯ ಮುಂದೆ ತಾಸುಗಟ್ಟಲೆ ಕೂರಿಸಬೇಡಿ, ನೂರು ಜನ ನೆಂಟರನ್ನು ಕರೆಯಬೇಡಿ. ಅವತ್ತಿನ ಮಾತ್ರೆಯನ್ನು ಉಪವಾಸದ ನೆಪದಲ್ಲಿ ತಪ್ಪಿಸಬೇಡಿ.